ಐವತ್ತು ರೂಪಾಯಿಯ ಅಪರಾಧ



ಬೀದಿನಾಯಿಗಳ ಬಗ್ಗೆ ಪರ-ವಿರೋಧದ ಪತ್ರಗಳು ಬರುತ್ತಲೇ ಇವೆ. ಸಾಕಿದವರೇ ಬೀದಿಗೆ ತಂದುಬಿಟ್ಟ ನಾಯಿಗಳ ಮಾತು ಮಾತ್ರ ಯಾರೂ ಎತ್ತುವುದಿಲ್ಲ. ದುಡ್ಡು ಸುರಿದು ತಂದ ಲ್ಯಾಬ್ರಡಾರ್, ಹಸ್ಕಿಗಳು ವಯಸ್ಸಾದಾಗಲೋ ಚರ್ಮರೋಗ ಬಂದಾಗಲೋ ರಿಂಗ್ ರಸ್ತೆಯ ಪಾಲಾಗುತ್ತವೆ. ಬೀದಿಯಲ್ಲೇ ಹುಟ್ಟಿದ ನಾಯಿ ವಾಹನ ತಪ್ಪಿಸಲು ಕಲಿತಿರುತ್ತದೆ. ಇವಕ್ಕೆ ಅದೂ ಬಾರದು.

ಪ್ರಾಣಿಹಿಂಸೆ ತಡೆ ಕಾಯ್ದೆ 1960ರದು. ಹಸಿವು, ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು ಅದರ 11ನೇ ಸೆಕ್ಷನ್ ಪ್ರಕಾರ ಅಪರಾಧ. ಸದಾ ಸರಪಳಿಯಲ್ಲೇ ಇರುವ ನಾಯಿಯನ್ನು ಓಡಾಡಿಸದಿರುವುದೂ ಅಪರಾಧವೇ. (ಯಾವ ಬಡಾವಣೆಯ ಗೇಟಿನೊಳಗೆ ಇಣುಕಿದರೂ ಆರೋಪಿಗಳು ಸಿಕ್ಕಾರು!) ಆದರೆ ಮೊದಲ ಸಲದ ಶಿಕ್ಷೆ 10ರಿಂದ 50 ರೂಪಾಯಿ ದಂಡ, ಅಷ್ಟೇ. ನಮ್ಮಲ್ಲಿ ಹೆಲ್ಮೆಟ್ ಹಾಕದ ಸವಾರ 500 ಕಟ್ಟುತ್ತಾನೆ.

ಕಾಪಾಡಲು ಹೊರಡುವವರಿಗೂ ಒಂದು ಮಾತು. ಎಲುಬು ಕಾಣುವ ನಾಯಿಗೆ ಒಮ್ಮೆಲೇ ಹೊಟ್ಟೆ ಬಿರಿಯ ಬಡಿಸಬೇಡಿ. ದೀರ್ಘ ಉಪವಾಸದ ಮೇಲಿನ ಭಾರೀ ಊಟ ರಕ್ತದ ಲವಣಾಂಶಗಳನ್ನು ಏರುಪೇರು ಮಾಡಿ ಪ್ರಾಣಕ್ಕೇ ಕುತ್ತಾದೀತು. ದಿನಕ್ಕೆ ನಾಲ್ಕೈದು ಸಲ ಸ್ವಲ್ಪಸ್ವಲ್ಪ ಕೊಡಿ. ಕಜ್ಜಿಗೆ ಹಳೇ ಎಂಜಿನ್ ಆಯಿಲ್ ಹಚ್ಚುವವರು ಇನ್ನೂ ಇದ್ದಾರೆ. ಮೈ ನೆಕ್ಕುವ ಪ್ರಾಣಿಗೆ ಅದು ವಿಷ. ಪಶುವೈದ್ಯರ ಔಷಧಿಗೆ ಸಾಮಾನ್ಯವಾಗಿ ಕೆಲವು ವಾರಗಳಲ್ಲೇ ಕೂದಲು ಮರಳಿ ಬರುತ್ತದೆ. ನೀವೂ ಮುಂಚಿತವಾಗಿಯೇ ರೇಬೀಸ್ ಲಸಿಕೆ ಹಾಕಿಸಿಕೊಳ್ಳಿ.

ನಮ್ಮ ಸಂಸದರು ಆ ದಂಡದ ಮೊತ್ತವನ್ನು ಈ ಕಾಲಕ್ಕೆ ತರಲಿ. ಮರಿ ಮಾರುವಾಗಲೇ ಮಾಲೀಕರ ವಿವರದ ಮೈಕ್ರೋಚಿಪ್ ಕಡ್ಡಾಯವಾಗಲಿ. ಆಗ ಬಿಟ್ಟುಹೋದವರ ವಿಳಾಸ ನಾಯಿಯ ಚರ್ಮದಡಿಯೇ ಇರುತ್ತದೆ.

— ಓರ್ವ ಓದುಗ, ತುಮಕೂರು