ಬಾಗಿಲು ಹಾಕುವ ಮುನ್ನ ಒಂದು ಮಾತು

ಮಧ್ಯಾಹ್ನದ ಕೆಲಸ ಮುಗಿಸಿ ಈಗಷ್ಟೇ ಅಡ್ಡಾಗಿರುತ್ತೀರಿ. ಬೆಲ್ ಆಗುತ್ತದೆ. ಫಾರಂ, ಬಿಪಿ ಯಂತ್ರ ಹಿಡಿದ ಹುಡುಗಿ, "ಅಕ್ಕಾರ, ಹೃದಯದ ಆರೋಗ್ಯದ ಅಧ್ಯಯನ ನಡದದರಿ, ಸ್ವಲ್ಪ ಮಾಹಿತಿ ಬೇಕಿತ್ತು" ಅನ್ನುತ್ತಾಳೆ. ವಿದ್ಯಾನಗರವಿರಲಿ, ಸಪ್ತಾಪುರವಿರಲಿ, ನಮ್ಮ ಉತ್ತರ ಒಂದೇ: "ನಮಗೇನೂ ಆಗಿಲ್ಲವಾ, ಮುಂದಿನ ಮನಿಗೆ ಹೋಗು!"

ಏನೂ ಆಗದವರೇ ಇಂಥ ಅಧ್ಯಯನಕ್ಕೆ ಬೇಕು ನೋಡಿ. ಆರೋಗ್ಯವಾಗಿರುವವರನ್ನು ವರ್ಷಗಟ್ಟಲೆ ಗಮನಿಸಿದರಷ್ಟೇ ಹೃದ್ರೋಗ ಯಾರಿಗೆ, ಯಾಕೆ ಬರುತ್ತದೆ ಅನ್ನೋದು ತಿಳಿಯುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 1948ರಲ್ಲಿ ಶುರುವಾದ ಅಧ್ಯಯನಕ್ಕೆ 5,209 ಮಂದಿ ಒಪ್ಪಿಕೊಂಡರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು. ಬಿಪಿ, ಕೊಲೆಸ್ಟ್ರಾಲ್ ಹೆಚ್ಚಾಗದಂತೆ ನೋಡಿಕೊಳ್ಳಿ ಅಂತ ಡಾಕ್ಟರು ಇಂದು ಹೇಳುವುದರ ಹಿಂದೆ ಅವರ ತಾಳ್ಮೆ ಇದೆ.

ಅಷ್ಟು ದೂರ ಯಾಕೆ? ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದಲೇ ಹುಟ್ಟಿದ ಕೂಸುಗಳ ತೂಕ, ಉದ್ದ ಬರೆದಿಡುತ್ತಿದ್ದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಹತ್ತಿರದಲ್ಲೇ ವಾಸವಿದ್ದ 517 ಮಂದಿಯನ್ನು ಸಂಶೋಧಕರು ಹುಡುಕಿ ತಪಾಸಣೆ ಮಾಡಿದರು. 1996ರಲ್ಲಿ ಫಲಿತಾಂಶ ಬಂತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗ, 3.1 ಕಿಲೋ ಅಥವಾ ಹೆಚ್ಚು ಇದ್ದವರಲ್ಲಿ ನೂರಕ್ಕೆ 3 ಮಂದಿಗೆ. ಬಸುರಿಯಾಗಿದ್ದಾಗ ತಾಯಿಯ ತೂಕವೂ ಕಡಿಮೆಯಿದ್ದರೆ ಪ್ರಮಾಣ ಇನ್ನೂ ಹೆಚ್ಚು. ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಣ್ಣುವ ನಮ್ಮ ರೂಢಿ ಬಿಡಲು ಇಷ್ಟು ಸಾಲದೇ?

ಕಡಿಮೆ ತೂಕದಲ್ಲಿ ಹುಟ್ಟಿದವರಿಗೆಲ್ಲ ಕಾಯಿಲೆ ಬಂದೇ ಬರುತ್ತದೆ ಅಂತಲ್ಲ. ಅವರು ಬಿಪಿ, ಸಕ್ಕರೆ ಪರೀಕ್ಷೆ ತಪ್ಪಿಸಬಾರದು, ಅಷ್ಟೇ.

ಹಾಗಂತ ಬಂದವರಿಗೆಲ್ಲ ಹೂಂ ಅನ್ನಬೇಡಿ. ಯಾವ ಸಂಸ್ಥೆಯವರು, ಗುರುತಿನ ಚೀಟಿ ಎಲ್ಲಿ, ರಕ್ತ ಯಾಕೆ ತೆಗೀತೀರಿ, ವರದಿ ನಮಗೂ ಕೊಡ್ತೀರಾ, ನಮ್ಮ ವಿವರ ಗುಟ್ಟಾಗಿಡ್ತೀರಾ ಅಂತ ಕೇಳಿ. ಒಪ್ಪಿಗೆ ಪತ್ರ ಓದಿಯೇ ಸಹಿ ಮಾಡಿ. ಬೇಡವೆನಿಸಿದರೆ ನಡುವೆಯೇ ಬಿಡುವ ಹಕ್ಕು ನಿಮಗಿದೆ. ದುಡ್ಡು, ಓಟಿಪಿ ಕೇಳಿದರೆ ಮಾತ್ರ ಧಾರಾಳವಾಗಿ ಬಾಗಿಲು ಹಾಕಿ!

ಇನ್ನೊಂದು ಕೆಲಸ. ಮಕ್ಕಳ ಜನನದ ತೂಕ ಬರೆದಿರುವ ತಾಯಿ ಕಾರ್ಡನ್ನು ರದ್ದಿಗೆ ಹಾಕದೆ ಬಂಗಾರದ ಜೊತೆ ಕಪಾಟಿನಲ್ಲಿಡಿ. ಅಂದು ಮೈಸೂರಿನಲ್ಲಿ ಯಾರೋ ನರ್ಸಮ್ಮ ಬರೆದಿಟ್ಟ ತೂಕ ಇಂದು ನಮಗೆ ಬುದ್ಧಿ ಹೇಳುತ್ತಿದೆ. ನಾವು ಕೊಡುವ ಅರ್ಧ ಗಂಟೆ ನಾಳೆ ನಮ್ಮ ಮೊಮ್ಮಕ್ಕಳಿಗೆ ಉಪಯೋಗವಾದೀತು. ಏನಂತೀರಿ?