ಕೂಸಿನ ಕಾಲು ಬಿಗಿಯಬೇಡಿ

ಕೂಸಿನ ಎರಡೂ ಕಾಲು ನೆಟ್ಟಗೆ ಚಾಚಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುವ ರೂಢಿಯನ್ನು ನಾವು ಬಿಡಬೇಕು. ‘ಸುತ್ತದಿದ್ದರೆ ಕಾಲು ಸೊಟ್ಟಗಾಗುತ್ತದೆ’ ಎಂಬ ನಂಬಿಕೆಗೆ ಆಧಾರವಿಲ್ಲ, ಬಿಗಿದರೇ ಅಪಾಯ.

ನಾನು ಕಲಬುರಗಿಯವಳು, ಕಾಚಿಗೂಡದಲ್ಲಿ ಫಿಸಿಯೋಥೆರಪಿಸ್ಟ್. ಬೀದರ್, ರಾಯಚೂರು, ಯಾದಗಿರಿ ಕಡೆಯಿಂದ ಚಿಕಿತ್ಸೆಗೆಂದು ಹೈದರಾಬಾದಿಗೆ ಬರುವ ನಮ್ಮವರು ಬಹಳ. ಮಗು ಕುಂಟುತ್ತಾ ನಡೆಯತೊಡಗಿದ ಮೇಲೆ ಬರುವ ತಾಯಂದಿರು ಕೇಳುವುದು ಒಂದೇ: ‘ಗ್ರಹಣದಾಗ ಹೊರಗ ಬಂದಿದ್ದೆ, ಅದಕ್ಕ ಹಿಂಗಾತೇನ್ರೀ ಮೇಡಂ?’

ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಮೂಳೆ, ಕೀಲು ರೂಪುಗೊಳ್ಳುವುದು ವಂಶವಾಹಿಗಳಿಂದ ಮಾತ್ರವಲ್ಲ, ಚಲನೆಯಿಂದಲೂ. ಗರ್ಭದಲ್ಲಿ ಏಳೆಂಟು ವಾರಕ್ಕೇ ಭ್ರೂಣ ಅಲುಗಾಡತೊಡಗುತ್ತದೆ. ಚೊಚ್ಚಲ ಬಸುರಿಗೆ ಅದು ತಿಳಿಯುವುದು ಐದನೇ ತಿಂಗಳ ಹೊತ್ತಿಗೆ. 1966ರಲ್ಲಿ ಡ್ರಾಕ್‌ಮನ್ ಮತ್ತು ಸೊಕೊಲಾಫ್ ಎಂಬ ವಿಜ್ಞಾನಿಗಳು ಮೊಟ್ಟೆಯೊಳಗಿನ ಕೋಳಿಮರಿಯ ಸ್ನಾಯುಗಳು ಅಲುಗದಂತೆ ಔಷಧ ಕೊಟ್ಟು ನೋಡಿದರು. ಅಂಥ ಮರಿಗಳಲ್ಲಿ ಕೀಲುಗಳು ಸರಿಯಾಗಿ ಬೆಳೆಯಲಿಲ್ಲ.

ಸೊಂಟದ ಕೀಲಿಗೂ ಇದೇ ನಿಯಮ. ತೊಡೆಮೂಳೆಯ ಗುಂಡು ಬಟ್ಟಲಿನಲ್ಲಿ ಸರಿಯಾಗಿ ಕೂತಿದ್ದರೆ ಬಟ್ಟಲು ಆಳವಾಗಿ ಬೆಳೆಯುತ್ತದೆ. ಕೂಸು ಹೊಟ್ಟೆಯಲ್ಲಿ ಕುಂಡಿ ಕೆಳಗಾಗಿ ಕುಳಿತಿದ್ದರೆ, ಗರ್ಭದ ನೀರು ಕಡಿಮೆಯಿದ್ದರೆ ಗುಂಡು ಜಾರುವ ಸಾಧ್ಯತೆ ಹೆಚ್ಚು. ಹುಟ್ಟಿದ ಮೇಲೂ ಕೆಲವು ತಿಂಗಳು ಈ ಕೀಲು ಮೆತ್ತಗೇ ಇರುತ್ತದೆ. ಕಾಲು ಮಡಚಿ ಅಗಲವಾಗಿದ್ದರೆ ಗುಂಡು ಒಳಗೆ ನಿಲ್ಲುತ್ತದೆ. ನೆಟ್ಟಗೆ ಬಿಗಿದರೆ ಹೊರಕ್ಕೆ ತಳ್ಳಿದಂತೆ.

ಜಪಾನಿನಲ್ಲಿ 1975ರ ಸುಮಾರಿಗೆ ಕಾಲು ಬಿಗಿಯಬೇಡಿ ಎಂಬ ಪ್ರಚಾರ ನಡೆದ ಮೇಲೆ ಸೊಂಟದ ಕೀಲು ತಪ್ಪುವ ಪ್ರಕರಣಗಳು ಬಹಳ ಇಳಿದವು. ಕೂಸಿನ ಕತ್ತು ನಿಂತ ಮೇಲೆ ಸೊಂಟದ ಮೇಲೆ ಕಾಲಗಲಿಸಿ ಎತ್ತಿಕೊಳ್ಳುವ ನಮ್ಮ ಪದ್ಧತಿ ಮಾತ್ರ ಕೀಲಿಗೆ ಒಳ್ಳೆಯದೇ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಸೊಂಟದ ಕೀಲಿನ ದೋಷವೂ ಇದೆ, ಸೊಟ್ಟ ಪಾದವೂ ಇದೆ. ಆದರೆ ಪಟ್ಟಿಯಲ್ಲಿದ್ದರೆ ಸಾಲದು. ಹೆರಿಗೆಯಾದ ಪ್ರತಿ ಕೂಸಿನ ಸೊಂಟವನ್ನು ಮನೆಗೆ ಕಳಿಸುವ ಮುನ್ನ ಪರೀಕ್ಷಿಸಬೇಕು. ಬ್ರೀಚ್ ಆಗಿದ್ದ ಕೂಸಿಗೆ ಆರು ವಾರದ ಹೊತ್ತಿಗೆ ಸ್ಕ್ಯಾನ್ ಆಗಬೇಕು. ಆರು ತಿಂಗಳೊಳಗೆ ಗೊತ್ತಾದರೆ ಹೆಚ್ಚಿನವಕ್ಕೆ ಪಟ್ಟಿಯ ಕವಚ ಸಾಕು. ನಡೆಯತೊಡಗಿದ ಮೇಲಾದರೆ ಬಹುತೇಕ ಆಪರೇಷನ್ನೇ.

ಆಶಾ ಕಾರ್ಯಕರ್ತೆಯರು ಬಾಣಂತಿಯ ಮನೆಗೆ ಹೋದಾಗ ತೂಕದ ಜೊತೆ ಬಟ್ಟೆ ಸುತ್ತಿರುವ ರೀತಿಯನ್ನೂ ನೋಡಲಿ. ಚಳಿಗೆ ಕೂಸನ್ನು ಹೊದಿಸಿ; ಸೊಂಟದಿಂದ ಕೆಳಗೆ ಸಡಿಲ ಬಿಡಿ, ಅದು ಒದೆಯಲಿ.