ಸಮೀಕ್ಷೆಯ ಅಂಕಿ ಸಂಬಳದ ಆದೇಶವಲ್ಲ

ಅಮೆರಿಕದ ವೈದ್ಯಕೀಯ ಗ್ರೂಪ್‌ಗಳು ತಮ್ಮ ಹಣಕಾಸು ಮುಖ್ಯಸ್ಥರಿಗೆ (ಸಿಎಫ್‌ಒ) ಸಂಬಳ ಸಮೀಕ್ಷೆಯ 75ನೇ ಪರ್ಸೆಂಟೈಲ್‌ನಷ್ಟು ಕೊಟ್ಟುಬಿಟ್ಟರೆ ತಕರಾರಿಗೆ ಎಡೆಯಿಲ್ಲ ಎಂದು ಕಳೆದ ಸಂಚಿಕೆಯ ಲೇಖನ ವಾದಿಸಿದೆ. ಈ ವಾದ ಅಪಾಯಕಾರಿ.

75ನೇ ಪರ್ಸೆಂಟೈಲ್ ಇರಲಿ, ಮಧ್ಯಾಂಕವನ್ನೇ ಗುರಿಯಾಗಿಸಿಕೊಂಡರೂ ಏನಾಗುತ್ತದೆಂದು ಲೆಕ್ಕ ಹಾಕಿ ನೋಡಿ. ಐದು ಗ್ರೂಪ್‌ಗಳಲ್ಲಿ ಸಂಬಳ 1.1, 1.2, 1.4, 1.7, 2.4 ಲಕ್ಷ ಡಾಲರ್ ಎಂದಿಟ್ಟುಕೊಳ್ಳೋಣ. ಮಧ್ಯಾಂಕ, ಅಂದರೆ ನಡುವಿನ ಸಂಬಳ, 1.4 ಲಕ್ಷ. ಕೆಳಗಿನ ಎರಡು ಗ್ರೂಪ್‌ಗಳು ಅದನ್ನು ಮೀರಬೇಕೆಂದು 1.6 ಲಕ್ಷಕ್ಕೆ ಏರಿಸಿದರೆ, ಮುಂದಿನ ಸಮೀಕ್ಷೆಯ ಮಧ್ಯಾಂಕವೇ 1.6 ಲಕ್ಷ! ಯಾರ ಕೆಲಸವೂ ಹೆಚ್ಚಲಿಲ್ಲ, ದರ ಮಾತ್ರ ಏರಿತು.

ಹುದ್ದೆಯ ಹೆಸರನ್ನೂ ನಂಬುವಂತಿಲ್ಲ. ಎಂಟು ವೈದ್ಯರ ಕ್ಲಿನಿಕ್‌ನಲ್ಲಿ ಸಿಎಫ್‌ಒ ಬಿಲ್ಲಿಂಗ್, ಪೇರೋಲ್ ನೋಡಿಕೊಳ್ಳುತ್ತಾರೆ. ಇನ್ನೂರು ವೈದ್ಯರ ಗ್ರೂಪ್‌ನಲ್ಲಿ ಅದೇ ಹೆಸರಿನವರು ವಿಮಾ ಕಂಪನಿಗಳೊಂದಿಗೆ ದರ ಕುದುರಿಸುತ್ತಾರೆ, ಸಾಲ ನಿಭಾಯಿಸುತ್ತಾರೆ. ಇಬ್ಬರನ್ನೂ ಒಂದೇ ಮಾನದಂಡದಲ್ಲಿ ಅಳೆಯುವುದು ತಪ್ಪು. ಗ್ರೂಪ್‌ನ ಗಾತ್ರ, ಒಡೆತನ, ಪ್ರದೇಶ, ಮೂಲ ವೇತನವೋ ಬೋನಸ್ ಸೇರಿದ ಮೊತ್ತವೋ ಎಂಬುದನ್ನು ಮೊದಲು ಬೇರ್ಪಡಿಸಬೇಕು.

ತೆರಿಗೆ ವಿನಾಯಿತಿ ಪಡೆದ ಗ್ರೂಪ್‌ಗಳಿಗಂತೂ ಸಮೀಕ್ಷೆಯೊಂದೇ ರಕ್ಷಣೆಯಲ್ಲ. ಹೋಲಿಕೆಯ ಮಾಹಿತಿಯ ಜೊತೆಗೆ ಹಿತಾಸಕ್ತಿಯಿಲ್ಲದವರ ಸಮಿತಿಯ ಅನುಮೋದನೆಯೂ, ಅದಕ್ಕೆ ಸಕಾಲದ ದಾಖಲೆಯೂ ಇದ್ದರೆ ಮಾತ್ರ ಸಂಬಳ ನ್ಯಾಯಯುತವೆಂದು ಫೆಡರಲ್ ತೆರಿಗೆ ನಿಯಮ ಮೊದಲಿಗೆ ಭಾವಿಸುತ್ತದೆ. ಸಂಬಳ ಅತಿಯಾಯಿತೆಂದು ತೀರ್ಮಾನವಾದರೆ, ಪಡೆದವರು ಹೆಚ್ಚುವರಿ ಮೊತ್ತದ ಮೇಲೆ ಶೇ 25 ದಂಡ ತೆರಿಗೆ ಕಟ್ಟಬೇಕು. ಆ ಮೊತ್ತವನ್ನು ಗಡುವಿನೊಳಗೆ ಹಿಂದಿರುಗಿಸದಿದ್ದರೆ ಅದರ ಜೊತೆಗೆ ಇನ್ನೂ ಶೇ 200.

ಸಮೀಕ್ಷೆ ನೋಡಲೇಬೇಕು. ಆದರೆ ಈ ವ್ಯಕ್ತಿಯಿಂದ ಏನು ಕೆಲಸ ಆಗಬೇಕು ಎಂಬ ಪ್ರಶ್ನೆಗೆ ಆಡಳಿತ ಮಂಡಳಿಯೇ ಉತ್ತರಿಸಬೇಕು. ಆ ಹೊಣೆಯನ್ನು ಸಮೀಕ್ಷೆಯ ಮೇಲೆ ಹೊರಿಸಿದರೆ ಭಾರ ಬೀಳುವುದು ಕೊನೆಗೆ ರೋಗಿಯ ಬಿಲ್ಲಿನ ಮೇಲೆ.